ಪಿಯಾನೋಗೆ ಇಟ್ಟ ಗಂಧ

ಮಿಸ್ ಅವರ ಬೆರಳುಗಳು ಹಸಿ ಶುಂಠಿಯಂತೆ ಗಂಟುಗಂಟಾಗಿದ್ದವು. ಪಿಯಾನೋ ಪಾಠಕ್ಕೆ ಮೊದಲು ಅವನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಕೊಂಡು ಕೂರುತ್ತಿದ್ದರು. ಟವೆಲ್ ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಕೈ ಒರೆಸಿಕೊಳ್ಳುತ್ತಾ ನನ್ನ ಕೈ ನೋಡಿ, "ಇಷ್ಟು ಒಳ್ಳೆ ಬೆರಳು ಎಂಥವರಿಗೆ ಸಿಕ್ಕಿದೆ ನೋಡು" ಎನ್ನುತ್ತಿದ್ದರು. ದಿನವೂ ಇದೇ ಮಾತು.

ಮಿಸ್ ಯುರೋಪಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಪಿಯಾನೋ ನುಡಿಸಿ ಹೆಸರು ಮಾಡಿದವರು. ಸಂಧಿವಾತ ಬಂದು, ಒಂದು ಸಂಗೀತ ಕಛೇರಿಯ ನಡುವೆಯೇ ಎದ್ದು ಹೋಗಬೇಕಾಯಿತಂತೆ. ಮತ್ತೆ ವೇದಿಕೆ ಹತ್ತಲಿಲ್ಲ. ಹುದಿಕೇರಿ ಬಳಿಯ ಅಣ್ಣನ ಕಾಫಿ ಎಸ್ಟೇಟಿಗೆ ಬಂದು ನೆಲೆಸಿದರು. ಆ ಬಂಗಲೆಯ ಅಡುಗೆ ನನ್ನ ಅವ್ವನದು. ಅವರ ಕೋಣೆಯಿಂದ ಕೇಳಿಬರುತ್ತಿದ್ದ ರೆಕಾರ್ಡುಗಳನ್ನು ನಾನು ಅಡುಗೆಮನೆಯಲ್ಲಿ ಗುನುಗುತ್ತಿದ್ದೆ. ಒಂದು ಸ್ವರವೂ ತಪ್ಪಿಲ್ಲವೆಂದು ಕರೆದು ಪಿಯಾನೋ ಮುಂದೆ ಕೂರಿಸಿದವರು ಅವರೇ. ಅದನ್ನು ಇಲ್ಲವೆನ್ನಲಾರೆ. ಒಳ್ಳೆಯವರಾಗಿದ್ದರು ಎಂದು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ.

ತಪ್ಪಿದರೆ ಮಣಿಕಟ್ಟಿಗೆ ಪೆನ್ಸಿಲಿನ ಏಟು. "ನುಡಿಸ್ತಿದ್ದೀಯಾ, ಕಾಫಿ ಹಣ್ಣು ಕೀಳ್ತಿದ್ದೀಯಾ? ಎಡಗೈ ಜೋರಾಯ್ತು. ಅಗೇನ್." ‘ಅಗೇನ್’ ಎಂದರೆ ಮತ್ತೆ ಮೊದಲಿನಿಂದ. ಹೊಗಳಿದ್ದು ಒಂದು ದಿನವೂ ಇಲ್ಲ. ಮಮತೆಯೆಲ್ಲ ಆ ಪಿಯಾನೋಗೆ ಮೀಸಲು. ಮಳೆಗಾಲವಿಡೀ ಅದರ ಹೊಟ್ಟೆಯೊಳಗೆ ಬಲ್ಬು ಉರಿಸಿ ಬೆಚ್ಚಗಿಡುತ್ತಿದ್ದರು. ನಾನು ತೊಯ್ದು ತೊಪ್ಪೆಯಾಗಿ ಬಂದರೆ, "ನೆಲ ಒದ್ದೆ ಮಾಡ್ಬೇಡ" ಎನ್ನುತ್ತಿದ್ದರು.

ಪಿಯುಸಿ ಮುಗಿದ ವರ್ಷ ಚೆನ್ನೈನ ಸಂಗೀತ ಕಾಲೇಜೊಂದರಿಂದ ಆಯ್ಕೆ ಪರೀಕ್ಷೆಗೆ ಕರೆ ಬಂತು. ಸೀಟು ಸಿಕ್ಕರೆ ನಾನೂ ವೇದಿಕೆ ಹತ್ತುವವಳು. ಅಭ್ಯಾಸಕ್ಕೆ ಇದ್ದದ್ದು ಅದೊಂದೇ ಪಿಯಾನೋ. ಪರೀಕ್ಷೆ ಹತ್ತಿರವಾದಾಗಲೇ ಕೈಲ್ ಮುಹೂರ್ತದ ಹಬ್ಬ ಬಂತು. ಅಂದು ನಮ್ಮಲ್ಲಿ ಕೋವಿ, ಕತ್ತಿ, ನೇಗಿಲು ಎಲ್ಲಕ್ಕೂ ಪೂಜೆ. ಬಂಗಲೆಯ ಕೋವಿಗಳಿಗೆ ಗಂಧ ಹೂವು ಇಟ್ಟ ಅವ್ವ, ಮಗಳ ಪರೀಕ್ಷೆ ನೆನಪಾಗಿ, ಪಿಯಾನೋದ ಮುಚ್ಚಳ ತೆರೆದು ಕೀಗಳಿಗೂ ಸಾಲಾಗಿ ತೇದ ಗಂಧ ಹಚ್ಚಿದಳು. ಅದು ಸಂದಿಗೆ ಇಳಿದು ಎರಡು ಕೀ ಕಚ್ಚಿಕೊಂಡವು.

ಮಿಸ್ ಕಿರುಚಿದ್ದು ಆಳುಗಳ ಲೈನ್‌ಮನೆಗಳವರೆಗೂ ಕೇಳಿತು. "ಇದನ್ನೇನು ಕೋವಿ ಅಂದ್ಕೊಂಡ್ಯಾ?"

"ದುಡಿಯೋ ಸಾಮಾನಿಗೆ ಇವತ್ತು ಗಂಧ ಇಡದಿದ್ರೆ ಹೆಂಗೆ ಮೇಡಂ? ಮಗಳಿಗೆ ಒಳ್ಳೇದಾಗ್ಲಿ ಅಂತ..." ಅವ್ವ ಗಂಧದ ತಟ್ಟೆ ಕೆಳಗಿಟ್ಟು, ಸೆರಗಿನಿಂದ ಕೀ ಒರೆಸಲು ಹೋದಳು.

ಮಿಸ್ ಮುಚ್ಚಳ ಹಾಕಿ ಬೀಗ ಜಡಿದರು. ಬೆಂಗಳೂರಿನಿಂದ ರಿಪೇರಿಯವನು ಬರುವ ತನಕ ಯಾರೂ ಮುಟ್ಟಕೂಡದು. ಕೆಟ್ಟಿರುವುದು ಎರಡೇ ಕೀ, ಉಳಿದವುಗಳಲ್ಲಿ ಅಭ್ಯಾಸ ಮಾಡುತ್ತೇನೆಂದು ಗೋಗರೆದೆ. "ಹೋಗಿ ನಿಮ್ಮವ್ವನ್ನ ಕೇಳು" ಎಂದು ಬಾಗಿಲು ಹಾಕಿಕೊಂಡರು. ರಿಪೇರಿಯವನು ಬಂದದ್ದು ಮಳೆ ಬಿಟ್ಟ ಮೇಲೆ. ಅಷ್ಟರಲ್ಲಿ ನಾನು ಚೆನ್ನೈಗೆ ಹೋಗಿ, ಬೆರಳು ತಡವರಿಸಿ, ಸೀಟು ಕಳೆದುಕೊಂಡು ಬಂದಾಗಿತ್ತು. ವೇದಿಕೆಯ ಆಸೆ ಅಲ್ಲಿಗೇ ಮುಗಿಯಿತು.

ಈಗ ಗೋಣಿಕೊಪ್ಪಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ನಾನು ಉಣ್ಣುವ ಅನ್ನ ಮಿಸ್ ಕೊಟ್ಟ ವಿದ್ಯೆಯದು. ಅದು ನೆನಪಾದಾಗ ಸಿಟ್ಟು ಇನ್ನೂ ಹೆಚ್ಚುತ್ತದೆ.

ಹೋದ ವರ್ಷ ಮಿಸ್ ಹಾಸಿಗೆ ಹಿಡಿದಿದ್ದರು. ಕೈಲ್ ಮುಹೂರ್ತದಂದು ಅವ್ವ ಬಲವಂತ ಮಾಡಿ ನನ್ನನ್ನೂ ಬಂಗಲೆಗೆ ಕರೆದೊಯ್ದಳು. ಗಂಧದ ತಟ್ಟೆ ಕಂಡ ಮಿಸ್ ಕಂಬಳಿಯೊಳಗಿಂದ ಎರಡೂ ಕೈ ತೆಗೆದು ಮುಂದೆ ಚಾಚಿದರು. ಅವ್ವ ಒಂದೊಂದೇ ಬೆರಳಿಗೆ ಗಂಧ ಇಟ್ಟಳು. ನನ್ನಲ್ಲಿ ಕ್ಷಮೆ ಕೇಳುತ್ತಾರೇನೋ ಎಂದು ಬಾಗಿಲಲ್ಲೇ ಕಾದೆ.

"ಎಡಗೈ ಈಗ್ಲೂ ಜೋರಾ?" ಎಂದರು.

ಹೊರಬಂದೆ. ಸ್ವಲ್ಪ ದಿನಗಳಲ್ಲೇ ಮಿಸ್ ತೀರಿಕೊಂಡರು.

ಈ ವರ್ಷ ಹಬ್ಬದ ದಿನ ಅವ್ವ ಮನೆಯ ಕತ್ತಿ, ಗುದ್ದಲಿಗೆ ಗಂಧ ಇಟ್ಟು ನನ್ನೆದುರು ಬಂದು ನಿಂತಳು. "ನಿನ್ನ ಆಯುಧ ಎಲ್ಲಿ ಉಂಟು?"

ನಮ್ಮ ಮನೆಯಲ್ಲಿ ಪಿಯಾನೋ ಇಲ್ಲ. ಮಿಸ್ ಮೇಲಿನ ಸಿಟ್ಟೂ ಇಳಿದಿಲ್ಲ. ಎರಡೂ ಕೈ ಚಾಚಿದೆ.