ಹುಲಿಯಮ್ಮನ ಡೇರೆಗೂ ಬೇಸಿಗೆ ರಜೆ

ಬೆಳಗಿನ ಮಂಜು ಇನ್ನೂ ಕರಗಿಲ್ಲ. ಹೆಗ್ಗದ್ದೆ ಹತ್ತಿರದ ಶಾಲೆಯೊಂದರ ಅಂಗಳದಲ್ಲಿ ಆಯಾ ಹುಲಿಯಮ್ಮ ಪೊರಕೆ ಪಕ್ಕಕ್ಕಿಟ್ಟು, ಕುಕ್ಕರಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿದ್ದಾರೆ. ಮಾತಾಡಿಸಿದರೆ ತುಟಿಯ ಮೇಲೆ ಬೆರಳಿಡುತ್ತಾರೆ, ಒಳಗೆಲ್ಲೋ ಮಗು ಮಲಗಿದೆಯೇನೋ ಎಂಬಂತೆ.

ನೆಲದೊಳಗೆ ಮಲಗಿರುವುದು ಡೇರೆ ಹೂವಿನ ಗೆಡ್ಡೆಗಳು. ಬೇಸಿಗೆಯಲ್ಲಿ ಗಿಡ ಬುಡದವರೆಗೂ ಒಣಗಿ ಕಡ್ಡಿಯಾಗುತ್ತದೆ. ಶಾಲೆಗೆ ಬೀಗ, ಬಾವಿಯಲ್ಲಿ ಬರೀ ಕೆಸರು. ನೋಡಿದವರು ಕಥೆ ಮುಗಿಯಿತು ಎಂದುಕೊಳ್ಳಬೇಕು. ಎರಡು ಮಳೆ ಬೀಳಲಿ, ಬಿರುಕುಬಿಟ್ಟ ಮಣ್ಣನ್ನು ಸೀಳಿಕೊಂಡು ಮೊಳಕೆ ಎದ್ದು ನಿಲ್ಲುತ್ತದೆ! ಸುಳ್ಳೇಕೆ ಹೇಳಲಿ, ಅದನ್ನು ಕಣ್ಣಾರೆ ಕಂಡಾಗ ನನಗೆ ಮೈ ಜುಮ್ಮೆಂದಿತು.

ಗೆಡ್ಡೆಗಳೆಲ್ಲ ಮಕ್ಕಳು ತಂತಮ್ಮ ಮನೆಯಿಂದ ತಂದವು. ಆಗಸ್ಟ್ ಹದಿನೈದಕ್ಕೆ ಬಾವುಟದೊಳಗೆ ಕಟ್ಟುವುದು ಇವುಗಳ ಎಸಳನ್ನೇ. ಗುಡಿಸುವುದು, ನೀರು ಹೊರುವುದು, ಗಂಟೆ ಹೊಡೆಯುವುದು ಮುಗಿದರೆ ಹುಲಿಯಮ್ಮ ಹೂವಿನ ಮಡಿಯ ಹತ್ತಿರವೇ.

ಇವತ್ತು ಅವರ ಜೀವವೆಲ್ಲ ಮೂಲೆಯ ಮಡಿಯ ಮೇಲಿದೆ. ಅಲ್ಲಿರುವುದು ಕಪ್ಪಿಗೆ ತಿರುಗುವ ಕೆಂಪು ಡೇರೆ, ರಾಜಲಕ್ಷ್ಮಮ್ಮ ಟೀಚರ್ ನೆಟ್ಟಿದ್ದು. ಗಂಡ ತೀರಿಕೊಂಡು ಎಸ್ಟೇಟಿನ ಕೂಲಿ ಲೈನ್ ಮನೆ ಬಿಡಬೇಕಾಗಿ ಬಂದಾಗ ಹುಲಿಯಮ್ಮನನ್ನು ಕೈಹಿಡಿದು ಇಲ್ಲಿ ಕೆಲಸಕ್ಕೆ ಸೇರಿಸಿದವರೂ ಅವರೇ. ಟೀಚರ್ ಈಗಿಲ್ಲ. ಆ ಬಣ್ಣ ಊರಲ್ಲಿ ಬೇರೆಲ್ಲೂ ಇಲ್ಲ. ಹೋದ ವರ್ಷ, 2002ರಲ್ಲಿ, ಮಳೆ ತಡವಾದಾಗ ಹುಲಿಯಮ್ಮ ಕರುಳು ತಡೆಯದೆ ಮನೆಯ ಕುಡಿಯುವ ನೀರನ್ನೇ ತಂದು ಸುರಿದಿದ್ದರು.

“ಮಳೆ ಬಂತು ಅಂತ ಸುಳ್ಳು ಹೇಳ್ದಂಗಾಯ್ತು ಕಣ್ರೀ. ನಂಬ್ಕಂಡು ಎದ್ವು. ಆಮೇಲೆ ಬಿಸ್ಲಿಗೆ ಸುಟ್ಟೋಗ್ಬುಟ್ವು. ಒಂದೇ ಒಂದು ಗೆಡ್ಡೆ ಉಳ್ಕಂಡೈತೆ.” ಎನ್ನುತ್ತಾರೆ ಹುಲಿಯಮ್ಮ.

ಈ ವರ್ಷ ಒಂದು ಹನಿಯೂ ಹಾಕಿಲ್ಲ. ಕಳೆದ ವಾರ ಮಳೆ ಬಂತು. ಉಳಿದ ಮಡಿಗಳೆಲ್ಲ ಚಿಗುರಿವೆ, ಮೂಲೆಯದು ಮಾತ್ರ ಬೋಳು. ಅಗೆದು ನೋಡಬಾರದೇ ಎಂದು ಕೇಳಿದೆ.

“ಬ್ಯಾಡಿ ಸ್ವಾಮಿ! ಮೊಳ್ಕೆ ಬಂದಿದ್ರೆ ಮುರ್ದೋಯ್ತದೆ. ಕಾಯ್ಬೇಕು, ಅಷ್ಟೇಯ.”

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅವರು ಮಡಿಯ ಮೇಲೆ ಬಿದ್ದಿದ್ದ ತರಗೆಲೆಯೊಂದನ್ನು ಎರಡು ಬೆರಳಲ್ಲಿ ಎತ್ತುತ್ತಾರೆ. ಕೆಳಗೆ ಅಕ್ಕಿಕಾಳಿನಷ್ಟು ಕೆಂಪು ಮೂತಿ. ಹುಲಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

“ಟೀಚರಮ್ಮನ ಮಗಳು ಆಲೂರಲ್ಲಿ ಅವ್ರೆ,” ಎನ್ನುತ್ತಾರೆ ಕೊನೆಗೆ, ಕೋಳಿ ಕೆದಕದಂತೆ ಮಡಿಯ ಸುತ್ತ ಮುಳ್ಳುಕಡ್ಡಿ ಚುಚ್ಚುತ್ತ. “ಈ ಸಲ ಗೆಡ್ಡೆ ಎರಡಾಗ್ಲಿ, ಸಾಕು. ಒಂದು ಅವ್ರಿಗೆ ಕೊಡ್ಬೇಕು. ಅವ್ರ ಅವ್ವನ ಹೂವ ಅವ್ರ ಮನೇಲೇ ಇಲ್ಲ.”