ಎಣ್ಣೆ ಕುಡಿಯುತ್ತಿದ್ದ ಇಂಜಿನ್ನು

ಚಿನಕುರಳಿಯಲ್ಲಿ ಮರಿಸ್ವಾಮಿ ಅನ್ನುವ ಹೆಸರಿನವರು ಬೇಕಾದಷ್ಟು ಜನ ಇದ್ದುದರಿಂದ ಇವನನ್ನು ಎಲ್ಲರೂ ಇಮಾನದ ಮರಿಸ್ವಾಮಿ ಎಂದೇ ಕರೆಯುತ್ತಿದ್ದರು. ಮೀಸೆ ಚಿಗುರುವ ವಯಸ್ಸಿಗೆ ವಾಯುಸೇನೆ ಸೇರಿ, ಪಂಜಾಬು, ಅಸ್ಸಾಮು ಎಂದು ಸುತ್ತಿ, ಜೆಟ್ ವಿಮಾನಗಳ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಅರ್ಧ ಆಯುಸ್ಸು ಕಳೆದವನು. ನಿವೃತ್ತಿಯಾಗಿ ಬಂದಾಗ ತಮ್ಮ ನಿಂಗರಾಜು ಜಮೀನೆಲ್ಲವನ್ನೂ ಚೆನ್ನಾಗಿ ನೋಡಿಕೊಂಡಿದ್ದ. ಅಣ್ಣನಿಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತರೆ ನೆಂಟರ ಮನೆಗೆ ಬಂದವನ ಹಾಗೆ ಕಾಣುತ್ತಿದ್ದ. ಹೆಂಡತಿ ಪುಟ್ಟಗೌರಮ್ಮ ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಅವನು ಹಾಲು ಕರೆಯಲು ಕೂತರೆ ಎಮ್ಮೆ ಒದೆಯುತ್ತಿತ್ತು.

ಶ್ರೀರಂಗಪಟ್ಟಣದಾಚೆಯ ಬಯಲಿನಲ್ಲಿ ಒಬ್ಬರು ಹಳೆಯ ಕ್ಯಾಪ್ಟನ್ನರು ಹಾರಾಟ ಕಲಿಸುವ ಚಿಕ್ಕ ಶಾಲೆ ತೆರೆದಾಗ ಮರಿಸ್ವಾಮಿ ಅಲ್ಲಿ ಮೆಕ್ಯಾನಿಕ್ಕಾಗಿ ಸೇರಿಕೊಂಡ. ಶಾಲೆ ಎಂದರೆ ತಗಡಿನ ಒಂದು ದೊಡ್ಡ ಕೊಟ್ಟಿಗೆ, ಜಲ್ಲಿ ಹಾಕಿ ರೋಲರು ಓಡಿಸಿದ ಒಂದು ಓಟದ ದಾರಿ, ಇಬ್ಬರು ಕೂರುವ ಎರಡು ವಿಮಾನ. ಹೋಗಿ ಬರುವುದೇ ಒಂದು ಕೆಲಸವಾಗಿತ್ತು. ಚಿನಕುರಳಿಯಿಂದ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಇನ್ನೊಂದು, ಅಲ್ಲಿ ಟೀ ಅಂಗಡಿಯ ಹಿಂದೆ ನಿಲ್ಲಿಸಿದ್ದ ಸೈಕಲ್ಲು ಹತ್ತಿ ಬಿಸಿಲಿನಲ್ಲಿ ತುಳಿತ. ಮೊದಲೆರಡು ವರ್ಷ ಇದೇನೂ ಅನ್ನಿಸಲಿಲ್ಲ. ತೊಂಬತ್ತೈದನೇ ಇಸವಿ ಹೊತ್ತಿಗೆ ಮಂಡಿಯ ಕೀಲು ಸೈಕಲ್ಲಿಗಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕೂತರೆ ಕಾಲು ತೊಳೆಯಲು ಏಳುವುದಕ್ಕೂ ಬೇಸರ.

ಆ ವರ್ಷದ ಚಳಿಗಾಲದಲ್ಲಿ ಎರಡರಲ್ಲಿ ಹಳೆಯದಾದ ವಿಮಾನದ ಇಂಜಿನ್ನನ್ನು ಬಿಚ್ಚಿ ಹೊರಗಿನ ಒಂದು ವರ್ಕ್‌ಶಾಪಿಗೆ ಕಳಿಸಿದ್ದರು. ಪೂರ್ತಿ ಬಿಚ್ಚಿಸಿ, ತೊಳೆಸಿ, ಪಿಸ್ಟನ್ನುಗಳಿಗೆ ಹೊಸ ರಿಂಗು ಹಾಕಿಸಿಕೊಂಡು ಅದು ಮದುಮಗನಂತೆ ಹೊಳೆಯುತ್ತ ವಾಪಸ್ಸು ಬಂತು. ವಿಮಾನದ ಕೆಲಸಕ್ಕೆ ಸಹಿ ಹಾಕುವ ಅಧಿಕಾರವಿದ್ದ ಇಂಜಿನಿಯರು ದೇವಯ್ಯ. ಕೆ.ಆರ್. ಪೇಟೆ ಕಡೆಯವನು, ವಾಯುಸೇನೆಯಿಂದಲೂ ಮರಿಸ್ವಾಮಿಯ ಗೆಳೆಯ. ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಇಂಜಿನ್ನು ಕೂರಿಸಿದ ದಿನ ಬಂದು ಸಹಿ ಹಾಕಿ ಹೋದವನು, ಹೆಂಡತಿಯ ಆಪರೇಷನ್ನಿಗೆಂದು ಬಹಳ ದಿನ ರಜೆಯ ಮೇಲೆ ಹೋದ.

ಹೊಸ ಸ್ಕೂಟರಿನ ಹಿಂದೆ ಜನ 'ರನ್ನಿಂಗ್ ಇನ್' ಎಂದು ಚೀಟಿ ಅಂಟಿಸಿಕೊಂಡು ಮೆಲ್ಲಗೆ ಓಡಿಸುತ್ತಿದ್ದ ಕಾಲ ಅದು. ಮರಿಸ್ವಾಮಿಗೆ ಗೊತ್ತಿದ್ದುದು ಜೆಟ್ಟು. ಅದರಲ್ಲಿ ಪಿಸ್ಟನ್ನೂ ಇಲ್ಲ, ರಿಂಗೂ ಇಲ್ಲ. ಪಿಸ್ಟನ್ ಇಂಜಿನ್ನಿನ ಬಗ್ಗೆ ಅವನ ತಿಳಿವಳಿಕೆ ಊರಿನ ಟ್ರಾಕ್ಟರು, ಸ್ಕೂಟರುಗಳದು. "ಎಳೇ ಕೂಸು ಸಾರ್ ಇದು, ಜೋರು ಮಾಡ್ಬ್ಯಾಡಿ, ವಸಿ ದಿನ ಮೆತ್ತಗೆ ಆರ್ಸಿ" ಎಂದು ಹಾರಾಟ ಕಲಿಸುತ್ತಿದ್ದ ರಘುನಂದನನಿಗೆ ಹೇಳಿದ. ಮೈಸೂರಿನ ಹುಡುಗ ರಘುನಂದನ್, ಒಳ್ಳೆಯವನು, ಹೇಳಿದ ಮಾತು ಕೇಳುವವನು. ಅವನೂ ಹಾಗೇ ಹಾರಿಸಿದ. ಕ್ಯಾಪ್ಟನ್ನರಿಗೂ ಅದೇ ಸರಿ ಅನ್ನಿಸಿತು.

ಒಂದು ತಿಂಗಳಿಗೇ ಇಂಜಿನ್ನು ಆಯಿಲ್ಲು ಕುಡಿಯಲು ಶುರುಮಾಡಿತು. ಬೆಳಿಗ್ಗೆ ಅಳತೆಕಡ್ಡಿ ಅದ್ದಿ ನೋಡಿ ತುಂಬಿಸಿದರೆ ಸಂಜೆಗೆ ಕಡ್ಡಿಯ ತುದಿ ಮಾತ್ರ ಒದ್ದೆ. ವಿಮಾನದ ಹೊಟ್ಟೆಯ ಕೆಳಗೆ ಕಪ್ಪು ಎಣ್ಣೆಯ ಗೆರೆ, ಅದರ ಮೇಲೆ ಓಟದ ದಾರಿಯ ಧೂಳು.

"ಏನು ಮರಿಸ್ವಾಮಿ, ನಿಮ್ಮ ಇಂಜಿನ್ನು ಎಣ್ಣೆ ಹಾಕೋದು ಕಲಿತುಬಿಟ್ಟಿದೆಯಂತೆ?" ಎಂದು ಕ್ಯಾಪ್ಟನ್ನರು ನಗೆಯಾಡಿದರು. ಮೊದಲ ಸಲ ಮರಿಸ್ವಾಮಿಯೂ ನಕ್ಕ.

ಆಮೇಲೆ ಹುಡುಕಾಟ ಹಿಡಿಯಿತು. ತುಂಬಾ ತುಂಬಿಸಿದರೆ ಹೆಚ್ಚಾದದ್ದನ್ನು ಇಂಜಿನ್ನು ತನ್ನ ಗಾಳಿ ಬಿಡುವ ಕೊಳವೆಯಿಂದ ಉಗುಳಿಬಿಡುತ್ತದೆ. ಅದೇ ಇರಬೇಕೆಂದು ಸ್ವಲ್ಪ ಕಮ್ಮಿ ಹಾಕಿ ನೋಡಿದ. ಉಗುಳುವುದು ಕಮ್ಮಿಯಾಯಿತು, ಕುಡಿಯುವುದು ಕಮ್ಮಿಯಾಗಲಿಲ್ಲ. ಎಲ್ಲೋ ಸೋರುತ್ತಿರಬೇಕೆಂದು ಇಂಜಿನ್ನನ್ನೆಲ್ಲ ಪೆಟ್ರೋಲಿನಲ್ಲಿ ಒರೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರು ಉದುರಿಸಿ ಓಡಿಸಿದ. ಪೌಡರು ಎಲ್ಲೂ ನೆನೆಯಲಿಲ್ಲ. ಸಿಲಿಂಡರಿನೊಳಗೆ ಗಾಳಿ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿದ, ನಿಂತಿತು. ಪ್ಲಗ್ಗು ಬಿಚ್ಚಿದರೆ ಮಾತ್ರ ನಾಲ್ಕೂ ಸಿಲಿಂಡರಿನ ಕೆಳಗಿನ ಪ್ಲಗ್ಗುಗಳು ಬಾಣಂತಿಯ ತಲೆಯ ಹಾಗೆ ಎಣ್ಣೆಯಲ್ಲಿ ಮಿಂದಿದ್ದವು. ಒಳಗೇ ಸುಡುತ್ತಿದೆ ಎಂದಾಯಿತು. ಆದರೆ ಯಾಕೆ? ವಾಲ್ವು ಓಡಾಡುವ ತೂತು ಸವೆದು ಅಲ್ಲಿಂದ ಎಣ್ಣೆ ಇಳಿಯುತ್ತಿರಬೇಕು ಎಂದುಕೊಂಡ. ವರ್ಕ್‌ಶಾಪಿಗೆ ಫೋನು ಮಾಡಿಸಿದರೆ, ಇಂಜಿನ್ ಕಂಪನಿಯವರ ಪುಸ್ತಕದಲ್ಲಿ ಇಷ್ಟು ಕುಡಿಯಬಹುದು ಎಂದು ಬರೆದಿದೆ, ಇನ್ನೂ ಮಿತಿ ದಾಟಿಲ್ಲ ಎಂದರು.

"ಆರ್ಸೋದು ಬ್ಯಾಡ ಸಾರ್, ದೇವಯ್ಯ ಬರ್ಲಿ" ಎಂದ ಮರಿಸ್ವಾಮಿ.

"ಪುಸ್ತಕದಲ್ಲೇ ಸರಿ ಅಂತ ಇರುವಾಗ ಹುಡುಗರ ಪಾಠ ನಿಲ್ಲಿಸೋಕಾಗತ್ತಾ? ತುಂಬಿಸಿಕೊಂಡು ಹಾರಿಸಿ" ಎಂದರು ಕ್ಯಾಪ್ಟನ್ನರು. ಮರಿಸ್ವಾಮಿ ಇನ್ನೊಂದು ಮಾತು ಆಡಬಹುದಿತ್ತು. ಆದರೆ ಅವತ್ತು ಬಸ್ಸಿನಲ್ಲಿ ನಿಂತೇ ಬಂದಿದ್ದ, ಸೊಂಟ ಹಿಡಿದಿತ್ತು, ಮಾತು ಬೆಳೆಸುವ ಶಕ್ತಿ ಇರಲಿಲ್ಲ. ಆಯಿಲ್ಲಿನ ಡಬ್ಬ ತರಲು ಹೋದ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ರಘುನಂದನ್ ಒಬ್ಬನೇ, ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕಾದ ದಾರಿ ನೋಡಿಕೊಂಡು ಬರಲು, ಹಾಸನದಾಚೆ ತನಕ ಹೋದ. ಹಿಂತಿರುಗುವಾಗ ಬೆಳ್ಳೂರು ದಾಟುತ್ತಿದ್ದಂತೆ ಆಯಿಲ್ಲಿನ ಒತ್ತಡದ ಮುಳ್ಳು ಕೆಳಗಿಳಿಯತೊಡಗಿತು, ಬಿಸಿಯ ಮುಳ್ಳು ಮೇಲೇರಿತು. ಅವನು ಕಾಯಲಿಲ್ಲ. ನಾಗಮಂಗಲಕ್ಕೆ ಇನ್ನೂ ದೂರವಿರುವಾಗಲೇ ಒಣಗಿ ಬಿದ್ದಿದ್ದ ಒಂದು ಕೆರೆಯ ಅಂಗಳ ಕಂಡಿತು. ಇಂಜಿನ್ನು ನಿಲ್ಲಿಸಿ, ಸದ್ದಿಲ್ಲದೆ ತೇಲಿಕೊಂಡು ಬಂದು ಇಳಿಸಿಬಿಟ್ಟ. ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಅವನಿಗಾಗಲಿ ವಿಮಾನಕ್ಕಾಗಲಿ ಏನೂ ಆಗಲಿಲ್ಲ.

ಫೋನಿನಲ್ಲಿ ಸುದ್ದಿ ತಿಳಿದು, ಮಧ್ಯಾಹ್ನದ ಹೊತ್ತಿಗೆ ಮರಿಸ್ವಾಮಿ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಿಂದ ಇಳಿದು, ಕೆರೆ ಏರಿ ಹತ್ತಿ ನೋಡಿದ. ಬಿರುಕು ಬಿಟ್ಟ ಮಣ್ಣಿನ ನಡುವೆ ಬಿಳಿ ವಿಮಾನ, ಸುತ್ತ ಒಂದು ಊರಿನಷ್ಟು ಜನ. ರಘುನಂದನ್ ರೆಕ್ಕೆಯ ನೆರಳಿನಲ್ಲಿ ಕೂತಿದ್ದ.  ಮರಿಸ್ವಾಮಿ ಅವನ ಬೆನ್ನು ತಟ್ಟಿದ. ಆಮೇಲೆ ಅಳತೆಕಡ್ಡಿ ಎಳೆದು ನೋಡಿದ. ಕಡ್ಡಿ ಒಣಗಿತ್ತು.

ಕೆರೆಯಂಚಿನ ತೋಟ ಚಲುವಮ್ಮ ಎಂಬ ಹೆಂಗಸಿನದು. ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟಳು.

"ಏನಾಗದಣ್ಣ ಇದ್ಕೆ?"

"ಎಣ್ಣೆ ಕುಡಿತದೆ ಕಣವ್ವ."

ಚಲುವಮ್ಮ ವಿಮಾನವನ್ನು ಮೂಗಿನಿಂದ ಬಾಲದವರೆಗೆ ನೋಡಿದಳು. "ನಮ್ಮೆಜಮಾನ್ರೂ ಅಂಗೇ ಇದ್ರು. ಕುಡಿಸ್ದೋರ್ನ ಕೇಳ್ಬೇಕು" ಎಂದು ತಂಬಿಗೆ ತೆಗೆದುಕೊಂಡು ಹೋದಳು.

ಅಲ್ಲಿಂದ ಅದನ್ನು ಸಾಗಿಸುವುದು ಸುಲಭವಿರಲಿಲ್ಲ. ರೆಕ್ಕೆ ಬಿಚ್ಚಿ ಲಾರಿಗೆ ಹಾಕುವ ಬದಲು ಅಲ್ಲೇ ರಿಪೇರಿ ಮಾಡೋಣವೆಂದು ತೀರ್ಮಾನವಾಯಿತು. ಮರಿಸ್ವಾಮಿ ವಿಮಾನದ ಕಾವಲಿಗೆ ಅಲ್ಲೇ ಉಳಿದ. ಹಗಲು ತೆಂಗಿನ ಗರಿಯ ಚಪ್ಪರದ ಕೆಳಗೆ, ರಾತ್ರಿ ಚಲುವಮ್ಮನ ಪಂಪ್‌ಸೆಟ್ ಮನೆಯಲ್ಲಿ. ಊಟ ಅವಳ ಮನೆಯ ಮುದ್ದೆ, ಹುರುಳಿ ಸಾರು. ನಾಗಮಂಗಲದ ಎಸ್‌ಟಿಡಿ ಬೂತಿನಿಂದ ಚಿನಕುರಳಿಯ ಹಾಲಿನ ಸೊಸೈಟಿಗೆ ಫೋನು ಮಾಡಿದ. ಪುಟ್ಟಗೌರಮ್ಮನನ್ನು ಕರೆಸಿದರು.

"ಯಾವತ್ತು ಬರೋದು?" ಎಂದಳು ಅವಳು.

"ಗೊತ್ತಿಲ್ಲ ಕಣಮ್ಮಿ."

"ಮಂಡಿಗೆ ಎಣ್ಣೆ ತಿಕ್ಕೊಂಡ್ರಾ?"

"ಇಲ್ಲಿ ಇರೋ ಎಣ್ಣೆಯೆಲ್ಲ ಇದೇ ಕುಡ್ಕಬುಡ್ತು."

ಅವಳು ನಗಲಿಲ್ಲ. "ಸಾಕು ಬುಡಿ ಈ ಕೆಲ್ಸ. ಮನೇಲಿರಿ" ಎಂದಳು. ಅವನಿಗೂ ಅದೇ ಅನ್ನಿಸಿತು. ಫೋನಿಟ್ಟು ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಎರಡು ಬಸ್ಸು ಹೋಗುವವರೆಗೂ ಏಳದೆ ಕೂತಿದ್ದ.

ರಘುನಂದನನನ್ನು ಕರೆದುಕೊಂಡು ದೇವಯ್ಯ ಬಂದ. ಹೆಂಡತಿ ಚೇತರಿಸಿಕೊಂಡಿದ್ದಳು, ಅವನು ಮಾತ್ರ ಸೊರಗಿದ್ದ. ಗೆಳೆಯರಿಬ್ಬರೂ ಸೇರಿ ಒಂದು ಸಿಲಿಂಡರನ್ನು ಬಿಚ್ಚಿದರು. ಮರಿಸ್ವಾಮಿ ವಾಲ್ವಿನ ಕಡೆ ಬೆರಳಿಟ್ಟು ಅಲ್ಲಾಡಿಸಿ ನೋಡಿದ, ಅಲ್ಲಾಡಲಿಲ್ಲ, ಅಲ್ಲೇನೂ ಸವೆದಿರಲಿಲ್ಲ. ದೇವಯ್ಯ ಸಿಲಿಂಡರನ್ನು ಬಿಸಿಲಿಗೆ ಹಿಡಿದು ಒಳಗೋಡೆಯನ್ನು ತುಂಬ ಹೊತ್ತು ನೋಡಿ, ಉಗುರಿನಿಂದ ಕೆರೆದು ಗೆಳೆಯನ ಕೈಗೆ ಕೊಟ್ಟ.

"ನೋಡ್ಲಾ. ಕನ್ನಡಿ ಆಗೋಗದೆ."

ನಿಜಕ್ಕೂ ಒಳಗೋಡೆ ಗಾಜಿನಂತೆ ಮಿನುಗುತ್ತಿತ್ತು.

"ಹೊಸ ಸಿಲಿಂಡರಿನ ಗೋಡೆ ವಸಿ ತರಿತರಿ ಇರ್ಬೇಕು ಕಣ್ಲಾ, ಒರಳುಕಲ್ಲು ಇದ್ದಂಗೆ. ಮೊದಮೊದಲು ಜೋರಾಗಿ ಓಡ್ಸುದ್ರೆ ರಿಂಗು ಗೋಡೆಗೆ ಒತ್ತಿ, ತೇದು, ಸರಿಯಾಗಿ ಕೂತ್ಕತದೆ. ಮೆತ್ತಗೆ ಓಡ್ಸುದ್ರೆ ರಿಂಗು ಒತ್ತೋದೇ ಇಲ್ಲ. ಆಯಿಲ್ಲು ಗೋಡೆ ಮೇಲೇ ಸುಟ್ಟು ಸೀದು ಇಂಗೆ ಗಾಜು ಕಟ್ತದೆ. ಆಮೇಲೆ ರಿಂಗು ಎಷ್ಟು ಓಡಾಡುದ್ರೂ ಆಯಿಲ್ ಹೆರೆಯಕಾಗಲ್ಲ. ಜಾರ್ತದೆ ಅಷ್ಟೆ. ಯಾರು ಮೆತ್ತಗೆ ಓಡ್ಸು ಅಂದೋರು?"

ರಘುನಂದನ್ ಬಾಯಿ ತೆರೆದ. ಅಷ್ಟರಲ್ಲಿ ಮರಿಸ್ವಾಮಿ, "ನಾನೇ ಕಣೋ" ಎಂದ.

ದೇವಯ್ಯ ಬೈಯಲಿಲ್ಲ. ಕೈಯನ್ನು ಬಟ್ಟೆಗೆ ಒರೆಸಿಕೊಂಡು ನೆಲದ ಮೇಲೆ ಕೂತ. "ನಾನಾದ್ರೂ ಹೇಳಿ ಓಗ್ಬೇಕಾಗಿತ್ತು. ಆಸ್ಪತ್ರೆ ತಲೆನೋವಲ್ಲಿ ಮರ್ತೋಯ್ತು" ಎಂದ.  ಮರಿಸ್ವಾಮಿಗೆ ನಾಚಿಕೆಗಿಂತ ಆಯಾಸವೇ ಹೆಚ್ಚಾಯಿತು. ಇಷ್ಟು ದಿನ ಒರೆಸಿದ್ದು, ಪೌಡರು ಹಾಕಿದ್ದು, ಬೆಳಿಗ್ಗೆ ಎದ್ದು ಓಡಿದ್ದು ಎಲ್ಲವೂ ಒಟ್ಟಿಗೆ ಬಂದು ಹೆಗಲ ಮೇಲೆ ಕೂತ ಹಾಗಾಯಿತು. ಈ ಹುಡುಗನಿಗೆ ಇಳಿಸಲು ಜಾಗ ಸಿಗದೆ ಹೋಗಿದ್ದರೆ ಎಂದು ಯೋಚನೆ ಬಂದದ್ದೇ, ಎದ್ದು ತೋಟದ ತೊಟ್ಟಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ.

ನಾಲ್ಕು ಸಿಲಿಂಡರನ್ನೂ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ, ಮರಿಸ್ವಾಮಿಯೂ ದೇವಯ್ಯನೂ ಬೆಂಗಳೂರಿನ ಬಸ್ಸು ಹತ್ತಿದರು. ತೆಂಗಿನಕಾಯಿ ಎಂದುಕೊಂಡ ಕಂಡಕ್ಟರು ಲಗೇಜಿನ ದುಡ್ಡು ಕೇಳಿದ. ಅಲ್ಲಿ ಒಳಗೋಡೆಯ ಗಾಜನ್ನು ಕೆರೆಸಿ, ಮತ್ತೆ ತರಿ ಹೊಡೆಸಿ, ಹೊಸ ರಿಂಗು ಹಿಡಿದುಕೊಂಡು ಬಂದರು. ಕೆರೆಯಂಗಳದ ಗಾಳಿ ಧೂಳಿಗೆ ಟಾರ್ಪಾಲು ಅಡ್ಡ ಕಟ್ಟಿ ಜೋಡಿಸಿದರು. ಈ ಸಲ ಹಾಕಿದ್ದು ಹೊಸ ರಿಂಗು ಕೂರುವ ತನಕ ಬಳಸುವ ಬೇರೆ ಆಯಿಲ್ಲು.

"ನೆಲದ ಮೇಲೆ ಹೆಚ್ಚೊತ್ತು ಓಡಿಸ್ಬೇಡಿ. ಎದ್ದ ಮೇಲೆ ಇಳಿಯೋಗಂಟ ಜೋರಾಗೇ ಓಡ್ಸಿ, ಕೈ ಸಡ್ಲ ಬುಡಬೇಡಿ" ಎಂದು ದೇವಯ್ಯ ರಘುನಂದನನಿಗೆ ಹೇಳಿದ.

ರಘುನಂದನ್ ಮರಿಸ್ವಾಮಿಯ ಕಡೆ ನೋಡಿದ. "ಏನಂತೀರಿ ಮರಿಸ್ವಾಮಣ್ಣ?"

"ಅವ್ನು ಹೇಳ್ದಂಗೆ ಮಾಡಿ ಸಾರ್."

ಇಂಜಿನ್ನು ಅರಚಿತು. ಮರಿಸ್ವಾಮಿಗೆ ಆ ಸದ್ದು ತನ್ನ ಹಲ್ಲಿನೊಳಗೇ ಹೊಕ್ಕಂತಾಯಿತು. ವಿಮಾನ ಕೆರೆ ಏರಿಯನ್ನು ಸ್ವಲ್ಪದರಲ್ಲೇ ದಾಟಿ ದಕ್ಷಿಣಕ್ಕೆ ತಿರುಗಿತು. ಜನ ಕೂಗಿದರು. ಚಲುವಮ್ಮ ಅವನಿಗೆ ಎರಡು ಎಳನೀರು ಕಟ್ಟಿಕೊಟ್ಟಳು. ಅವಳ ತೋಟದ ಗರಿ ತಂದು ಹಾಕಿದ್ದ ಚಪ್ಪರ ಬಿಚ್ಚಿ, ಗರಿಗಳನ್ನು ಒಪ್ಪವಾಗಿ ಒಟ್ಟಿ, ಅವನು ರಸ್ತೆಗೆ ನಡೆದ.

ಮುಂದಿನ ದಿನಗಳಲ್ಲಿ ಅದೇ ಜೋರಿನಲ್ಲಿ ಇನ್ನಷ್ಟು ಹಾರಿಸಬೇಕಿತ್ತು. ಒಂದು ದಿನ ರಘುನಂದನ್, "ನೀವೂ ಬನ್ನಿ, ಮುಳ್ಳು ನೋಡ್ತಾ ಕೂತ್ಕೊಳ್ಳಿ, ನನಗೆ ಧೈರ್ಯ" ಎಂದ. ವಿಮಾನಗಳ ಜೊತೆ ಬದುಕು ಸವೆಸಿದ್ದರೂ ಇಷ್ಟು ಚಿಕ್ಕ ವಿಮಾನದಲ್ಲಿ ಅವನು ಹಾರಿದ್ದೇ ಇಲ್ಲ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳು ಪಕ್ಕದಲ್ಲೇ ಹಾದುಹೋದವು. ಚಿನಕುರಳಿಯ ಕಲ್ಲುಕ್ವಾರಿಯ ಬಿಳಿ ಗುಂಡಿಗಳು, ಅವನ ಮನೆಯ ಹುಲ್ಲಿನ ಮೆದೆ ಕಂಡವು. ಕೆ.ಆರ್. ಪೇಟೆ ಕಡೆ ತಿರುಗುವ ಹೊತ್ತಿಗೆ ಆಯಿಲ್ಲಿನ ಮುಳ್ಳು ಹಸಿರು ಗೆರೆಯ ನಡುವೆ ಅಲುಗಾಡದೆ ನಿಂತಿತ್ತು. ಅದನ್ನೇ ನೋಡುತ್ತ ನೋಡುತ್ತ, ಆ ಅರಚಾಟದ ನಡುವೆಯೇ, ಮರಿಸ್ವಾಮಿಗೆ ಗಾಢ ನಿದ್ದೆ ಬಂದುಬಿಟ್ಟಿತು. ಚಕ್ರ ನೆಲ ಮುಟ್ಟಿದಾಗಲೇ ಎಚ್ಚರ.

"ಎಬ್ಬಿಸೋಕೆ ಮನಸ್ಸಾಗಲಿಲ್ಲ" ಎಂದ ರಘುನಂದನ್.

ಕಡ್ಡಿ ಎಳೆದು ನೋಡಿದರು. ಇಳಿದದ್ದು ಇಷ್ಟೇ ಇಷ್ಟು. ಪ್ಲಗ್ಗುಗಳೂ ಒಣಗಿದ್ದವು.

ಯುಗಾದಿ ಕಳೆದ ಮೇಲೆ ಎರಡನೇ ವಿಮಾನದ ಇಂಜಿನ್ನಿಗೂ ಬಿಚ್ಚಿಸಿ ತೊಳೆಸುವ ಸರದಿ ಬಂತು. ಮರಿಸ್ವಾಮಿ ಕ್ಯಾಪ್ಟನ್ನರ ಮುಂದೆ ನಿಂತು, "ನನ್ ಕೈಲಾಗಲ್ಲ ಸಾರ್, ಬೇರೆಯೋರ್ನ ನೋಡ್ಕಳಿ" ಎಂದ. ಕೋಪದಿಂದಲ್ಲ. ಕ್ಯಾಪ್ಟನ್ನರಿಗೂ ಅದು ಗೊತ್ತಾಯಿತು. ಆಳು ಸಿಗುವವರೆಗೆ ವಾರಕ್ಕೆರಡು ದಿನವಾದರೂ ಬನ್ನಿ, ಜೀಪು ಕಳಿಸುತ್ತೇನೆ ಎಂದರು. ಅದಕ್ಕೆ ಒಪ್ಪಿಕೊಂಡ.

ಮನೆಗೆ ಬಂದು ಹೇಳಿದಾಗ ಪುಟ್ಟಗೌರಮ್ಮ ಹಿಂಡಿ ಕಲಸುತ್ತಿದ್ದಳು.

"ಅವತ್ತು ಮನೆ ಮೇಲೆ ಓಗಿದ್ದು ನೀವೇನಾ? ಎಮ್ಮೆ ಹೆದ್ರಿ ಎರಡು ದಿನ ಹಾಲೇ ಇಳಿಸ್ನಿಲ್ಲ" ಎಂದಳು.

"ನಾನೇ. ಮಲ್ಗಿದ್ದೆ."

ಅವಳು ನಂಬಲಿಲ್ಲ.  ಅವನು ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಮಂಡಿಯ ಕೆಳಗೆ ತಲೆದಿಂಬು ಇಟ್ಟು ಕಾಲು ಚಾಚಿದ.