ಬೇಡವೆಂದ ಆರು ಅಂಗಿ

ನಾನು ಬಸುರಿಯಾದ ಐದನೇ ತಿಂಗಳಿಗೇ ಕೂಸಿನ ಸಾಮಾನು ಕೊಳ್ಳಲು ಶುರು ಮಾಡಿದೆ. ಆಗ ತಂಬ್ರಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದೆ. ಗಂಡನ ಜೊತೆ ಹಗರಿಬೊಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿದ್ದೆ. ಸಂಜೆ ಬಸ್ಸಿಳಿದು ಮನೆಗೆ ನಡೆಯುವ ದಾರಿಯುದ್ದಕ್ಕೂ ಬಟ್ಟೆ ಅಂಗಡಿಗಳು. ಒಂದು ದಿನ ಎರಡು ಕುಲಾವಿ, ಇನ್ನೊಂದು ದಿನ ಹೆಬ್ಬೆರಳಿನುದ್ದದ ಕಾಲುಚೀಲ. ತಪಾಸಣೆಗೆ ಹೋದಾಗ ಆಸ್ಪತ್ರೆಯ ಸಿಸ್ಟರು ಹೇಳಿದ್ದು ಬಹಳ ಕಡಿಮೆ: ತೊಳೆದು ಬಿಸಿಲಿಗೆ ಹಾಕಿದ ಹಳೆಯ ಕಾಟನ್ ಬಟ್ಟೆ, ಹಿಂದೆ ದಾರ ಕಟ್ಟುವ ನಾಲ್ಕಾರು ಅಂಗಿ, ಟೊಪ್ಪಿಗೆ, ಕೆಳಗೆ ಹಾಸಲು ಒಂದು ರಬ್ಬರ್ ಶೀಟು. ಫೋನಿನಲ್ಲಿ ನಾನು ಓದುತ್ತಿದ್ದ ಪಟ್ಟಿಗಳಿಗೆ ಕೊನೆಯೇ ಇರಲಿಲ್ಲ. ಹಾಗಾಗಿ ನಮ್ಮ ಮನೆಗೆ ಪ್ಲಾಸ್ಟಿಕ್ ಟಬ್ಬೂ ಬಂತು, ನಮ್ಮ ಓಣಿಯ ಕಲ್ಲುಗಳ ಮೇಲೆ ಒಂದು ದಿನವೂ ಉರುಳದ ತಳ್ಳುಗಾಡಿಯೂ ಬಂತು. ಗಾಡಿಯನ್ನು ಮಡಚಿ, ಎಲ್ಲವನ್ನೂ ಬೀರುವಿನಲ್ಲಿ ತುಂಬಿ ಬೀಗ ಹಾಕಿದೆ.

ಬೀಗ ಹಾಕಿದ್ದು, ನನ್ನನ್ನು ನೋಡಲು ಬಂದಾಗ ಅತ್ತಿಗೆಯ ಕಣ್ಣಿಗೆ ಬೀಳಬಾರದೆಂದು. ಈ ಮಾತನ್ನು ಆಗ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಅತ್ತಿಗೆ ಎಂದರೆ ಕೊಟ್ಟೂರಿನಲ್ಲಿರುವ ನನ್ನ ಅಣ್ಣನ ಹೆಂಡತಿ. ನನಗಿಂತ ಒಂದು ವರ್ಷ ದೊಡ್ಡವಳು. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಓಣಿಯ ಅರ್ಧ ಹೆಣ್ಣುಮಕ್ಕಳ ರವಿಕೆ ಅವಳ ಕೈಯಿಂದಲೇ ಆಗಬೇಕು. ನನಗಿಂತ ಎರಡು ವರ್ಷ ಮೊದಲು ಅವಳು ಬಸುರಿಯಾದಾಗ, ಅಂಗಡಿಯ ಬಟ್ಟೆ ಒರಟು ಎಂದು ಮೆತ್ತನೆಯ ಬಿಳಿ ಮಲ್ಲು ಬಟ್ಟೆ ತಂದು ಆರು ಅಂಗಿ ಹೊಲಿದಿದ್ದಳು. ಹೊಲಿಗೆ ಕೂಸಿನ ಮೈಗೆ ಒತ್ತಬಾರದೆಂದು ಅಂಚುಗಳನ್ನೆಲ್ಲ ಹೊರಗೆ ತಿರುಗಿಸಿದ್ದಳು. ಹುಟ್ಟುವ ಮೊದಲೇ ಕೂಸಿನ ಬಟ್ಟೆ ಮಾಡಬಾರದೆಂದು ಅವ್ವ ಹೇಳಿದ್ದಳು. ಅತ್ತಿಗೆ ನಕ್ಕು ಹೊಲಿಯುತ್ತಲೇ ಇದ್ದಳು.

ಆ ಕೂಸು ಉಸಿರಾಡಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು ಎಂದು ಡಾಕ್ಟರು ತಿಳಿಯುವಂತೆ ಹೇಳಿದರು. ಅವ್ವ ತಲೆಯಾಡಿಸುತ್ತ ಕೇಳಿಸಿಕೊಂಡಳು, ಮನೆಗೆ ಬಂದ ಮೇಲೆ ಅಂಗಿಗಳ ಮಾತೆತ್ತಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತಿಗೆಗೆ ಅದು ಕೇಳಿಸುತ್ತಿತ್ತು. ನಾನೂ ಅಲ್ಲೇ ಕೂತಿದ್ದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಅವ್ವನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಎಂಟನೇ ತಿಂಗಳಿಗೆ ನಾನು ಹೆರಿಗೆಗೆಂದು ಕೊಟ್ಟೂರಿಗೆ ಹೋದೆ. ಸಾಮಾನೆಲ್ಲ ಹಗರಿಬೊಮ್ಮನಹಳ್ಳಿಯ ಬೀರುವಿನಲ್ಲೇ ಉಳಿಯಿತು; ದಿನ ಹತ್ತಿರ ಬಂದಾಗ ಗಂಡ ತಂದರಾಯಿತು ಎಂದುಕೊಂಡೆವು. ಅತ್ತಿಗೆ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ಕಾಲು ಬಾತರೆ ಬಿಸಿನೀರು ಕಾಸಿ ತರುತ್ತಿದ್ದಳು. ಕೂಸಿಗೆ ಏನೇನು ತೆಗೆದುಕೊಂಡೆ ಎಂದು ಒಮ್ಮೆ ಕೇಳಿದಾಗ, ಇನ್ನೂ ಏನೂ ಇಲ್ಲ ಎಂದು ಸುಳ್ಳು ಹೇಳಿದೆ. ಅವಳು ಅದನ್ನು ನಂಬಿದಳು. ನಂಬಿದ್ದಕ್ಕೇ ಮಾರನೆಯ ದಿನ ಮಧ್ಯಾಹ್ನ ಒಂದು ಗಂಟು ತಂದು ನನ್ನ ಪಕ್ಕದಲ್ಲಿಟ್ಟಳು.

“ಒಮ್ಮೀನೂ ಹಾಕಿದ್ದಲ್ಲ. ಬಿಸಿನೀರಾಗ ಒಗದು ಒಣಗಿಸೀನಿ,” ಎಂದಳು. “ನಿನಗ ಬೇಕನಿಸಿದ್ರ ಇಟ್ಕಾ.”

ಆಗಲಿ ಎಂದು ತಲೆಯಾಡಿಸಿದೆ. ಗಂಟನ್ನು ಬಿಚ್ಚಲಿಲ್ಲ. ಅತ್ತಿಗೆ ನೀರಿಗೆ ಹೋದಾಗ ಅವ್ವ ಬಂದು ಅದನ್ನು ಅಟ್ಟದ ಮೇಲೆ ಎಸೆದಳು. ಅವ್ವ ಹತ್ತಿದ ಸ್ಟೂಲು ಅಲುಗಾಡದಂತೆ ಹಿಡಿದುಕೊಂಡವಳು ನಾನು.

ಡಾಕ್ಟರು ಕೊಟ್ಟ ದಿನಕ್ಕಿಂತ ಮೂರು ವಾರ ಮೊದಲೇ, ಬೆಳಗಿನ ರೊಟ್ಟಿ ತಿನ್ನುತ್ತಿದ್ದಾಗ ನೀರು ಹೋಗಲು ಶುರುವಾಯಿತು. ಅಣ್ಣ ಓಣಿಯಲ್ಲಿದ್ದ ಕಾರು ಹಿಡಿದು ಬಂದ. ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆ ಹಗರಿಬೊಮ್ಮನಹಳ್ಳಿಯಲ್ಲೇ ಇತ್ತು, ನಮ್ಮ ಮನೆಯಿಂದ ಮೂರು ಓಣಿ ಆಚೆ. ಗಂಡ ಅವತ್ತು ಡ್ಯೂಟಿಯ ಮೇಲೆ ಹಡಗಲಿಗೆ ಹೋಗಿದ್ದರು, ಮನೆಯ ಕೀಲಿಯೂ ಬೀರುವಿನ ಕೀಲಿಯೂ ಅವರ ಜೇಬಿನಲ್ಲಿದ್ದವು. ಫೋನು ಹಚ್ಚಿದರೆ ಹೊರಟೆ ಎಂದರು. ದಾರಿಯಲ್ಲಿ ನಾನು ನೋವು ತಿನ್ನುತ್ತ ಆ ಬೀರುವಿನ ಬಗ್ಗೆಯೇ ಯೋಚಿಸುತ್ತಿದ್ದೆ.

ಹೆರಿಗೆ ಕೋಣೆಗೆ ಕರೆದೊಯ್ದ ಸ್ವಲ್ಪ ಹೊತ್ತಿಗೆ ಸಿಸ್ಟರು ಬಾಗಿಲಲ್ಲಿ ನಿಂತು, ಕೂಸಿಗೆ ಸುತ್ತಲು ಬಟ್ಟೆ ಕೊಡಿ ಎಂದು ಕೇಳಿದರು. ಅವ್ವ ಅವಸರದಲ್ಲಿ ನನ್ನ ಫೈಲು, ನೀರಿನ ಬಾಟಲಿ ಮಾತ್ರ ತಂದಿದ್ದಳು. ಅತ್ತಿಗೆ ಮುಂದೆ ಬಂದು ಸೆರಗಿನ ಅಡಿಯಿಂದ ಆ ಗಂಟು ತೆಗೆದಳು. ಅದು ಅಟ್ಟದ ಮೇಲಿದೆ ಎಂಬುದು ಅವಳಿಗೆ ಗೊತ್ತಿತ್ತು ಎಂದಾಯಿತು. ಯಾರು ಹಾಕಿದರು, ಯಾಕೆ ಹಾಕಿದರು ಎಂಬುದೂ ಗೊತ್ತಿದ್ದಿರಬೇಕು. ಆದರೂ ಕಾರು ಹತ್ತುವ ಮೊದಲು ಸ್ಟೂಲು ಹಾಕಿಕೊಂಡು ಇಳಿಸಿ ತಂದಿದ್ದಳು.

ಬಾಗಿಲು ಅರ್ಧ ತೆರೆದಿತ್ತು. ಸಿಸ್ಟರ ಕೈ ಗಂಟಿನ ಕಡೆ ಹೋದದ್ದು ನನಗೆ ಮಲಗಿದ್ದಲ್ಲಿಂದಲೇ ಕಂಡಿತು.

“ಅವು ಬ್ಯಾಡ,” ಎಂದೆ.

ಸಿಸ್ಟರಿಗೆ ತಿಳಿಯಲಿಲ್ಲ. ಬಟ್ಟೆ ಸ್ವಚ್ಛವಾಗಿವೆಯಲ್ಲ, ಮೆತ್ತಗಿವೆಯಲ್ಲ ಎಂದರು.

“ಬ್ಯಾಡ ಅಂದೆನಲ್ರಿ. ಅವನ್ನ ನನ್ನ ಕೂಸಿಗೆ ಹಾಕಬ್ಯಾಡ್ರಿ.”

ನೋವಿನಲ್ಲಿ ಬಾಯಿಗೆ ಬಂದದ್ದು ಎಂದು ಎಷ್ಟೋ ದಿನ ನನಗೆ ನಾನು ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಆ ಗಳಿಗೆಯಲ್ಲಿ ನೋವು ಸ್ವಲ್ಪ ಬಿಟ್ಟಿತ್ತು. ಏನು ಹೇಳುತ್ತಿದ್ದೇನೆ, ಯಾರಿಗೆ ಕೇಳಿಸುತ್ತಿದೆ, ಎರಡೂ ನನಗೆ ಗೊತ್ತಿದ್ದವು. ಅತ್ತಿಗೆ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ಮುಖ ನನಗೆ ಕಾಣಲಿಲ್ಲ, ಕೈ ಮಾತ್ರ ಕಂಡಿತು.

ಹೊರಗೆ ಬೆಂಚಿನ ಮೇಲೆ ಒಬ್ಬ ಮುಸ್ಲಿಂ ಅಜ್ಜಿ ಕೂತಿದ್ದರಂತೆ. ಅವರ ಮಗನದು ಊರಲ್ಲೇ ಗ್ಯಾರೇಜು. ಸೊಸೆ ಅವತ್ತು ನಸುಕಿನಲ್ಲಿ ಹೆತ್ತಿದ್ದಳು. ಅವರು ತಮ್ಮ ಚೀಲದಿಂದ ಹಳೆಯ ಸೀರೆಯ ಎರಡು ತುಂಡು ತೆಗೆದುಕೊಟ್ಟರು. ನನ್ನ ಮಗಳು ಭೂಮಿಗೆ ಬಂದು ಮೊದಲು ಹೊದ್ದದ್ದು ಆ ಅಜ್ಜಿಯ ನೀಲಿ ಹೂವಿನ ಸೀರೆ. ಅವರ ಮನೆಯಲ್ಲಿ ಯಾರು ಸತ್ತರು, ಯಾರು ಬದುಕಿದರು ಎಂದು ಅವ್ವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗುರುತಿಲ್ಲದವರ ಬಟ್ಟೆ ನಮಗೆ ನಡೆಯಿತು.

ಎರಡು ತಾಸಿನ ಮೇಲೆ ಗಂಡ ಬಂದರು, ಬೀರು ತೆಗೆದು ಸಾಮಾನೆಲ್ಲ ಹೊತ್ತು ತಂದರು. ಮಂಚದ ಮೇಲೆ ಹರಡಿದ ಹೊಸ ಬಟ್ಟೆಗಳನ್ನು ಅತ್ತಿಗೆ ನೋಡಿದಳು. ಇನ್ನೂ ಏನೂ ಇಲ್ಲ ಎಂದು ನಾನು ಹೇಳಿದ್ದು ಅವಳಿಗೆ ಆಗ ನೆನಪಾಗಿರಲೇಬೇಕು. ಒಂದೊಂದಾಗಿ ಮಡಚಿಟ್ಟಳು.

ಮೂರು ತಿಂಗಳು ಬಾಣಂತನ ಮಾಡಿದವಳು ಅವಳೇ. ಎಣ್ಣೆ ಹಚ್ಚಿ ಎರೆದಳು, ಕೆಂಡಕ್ಕೆ ಲೋಬಾನ ಹಾಕಿ ಕೂದಲು ಒಣಗಿಸಿದಳು, ಸಬ್ಬಸಿಗೆ ಪಲ್ಯ ಮಾಡಿ ಬಿಸಿ ರೊಟ್ಟಿ ಹಾಕಿದಳು. ಆದರೆ ಕೂಸನ್ನು ತಾನಾಗಿ ಎತ್ತಿಕೊಳ್ಳುತ್ತಿರಲಿಲ್ಲ. ಅತ್ತರೆ ಬಂದು ತೊಟ್ಟಿಲ ಪಕ್ಕ ನಿಂತು ನನ್ನನ್ನು ಕೂಗುತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಓಣಿಯ ಮಕ್ಕಳೊಂದಿಗರು, ಮಕ್ಕಳಿರುವ ಹೆಂಗಸರೆಲ್ಲ, ಸುತ್ತ ನಿಂತು ಹಾಡುವಾಗ ಅವಳು ಅಡಿಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಬಾ ಅತ್ತಿಗಿ ಎಂದು ಒಂದು ಮಾತು ಕರೆದಿದ್ದರೆ ಸಾಕಿತ್ತು. ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಅವ್ವನ ಮುಖ ನೋಡಿ ಸುಮ್ಮನಾದೆ.

ನಾನು ಆಸೆಪಟ್ಟು ತಂದ ಅಂಗಿಗಳ ಕೊರಳಿಗೆಲ್ಲ ಲೇಸು ಇತ್ತು. ಅವನ್ನು ಹಾಕಿದ ನಾಲ್ಕನೇ ದಿನಕ್ಕೆ ಮಗಳ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತು. ಮಧ್ಯಾಹ್ನ ನಿದ್ದೆ ಮಾಡಿ ಎದ್ದು ನೋಡಿದರೆ ಅತ್ತಿಗೆ ಮಿಷನ್ನಿನ ಮುಂದೆ ಕೂತು, ಆ ಲೇಸನ್ನೆಲ್ಲ ಬ್ಲೇಡಿನಿಂದ ಬಿಚ್ಚಿ, ಅಂಚುಗಳನ್ನು ಹೊರಗೆ ತಿರುಗಿಸಿ ಹೊಲಿಯುತ್ತಿದ್ದಳು. ನಾನು ಕಣ್ಣು ಮುಚ್ಚಿ ಮತ್ತೆ ಮಲಗಿದಂತೆ ಮಾಡಿದೆ.

ಮಗಳಿಗೆ ಆರು ತಿಂಗಳಾದಾಗ ಒಂದು ಭಾನುವಾರ ಕೊಟ್ಟೂರಿಗೆ ಹೋದೆ. ಬಸ್ಸಿನಲ್ಲಿ ಕೂತಲ್ಲೇ ಏನು ಹೇಳಬೇಕೆಂದು ಹತ್ತು ಸಲ ಜೋಡಿಸಿಕೊಂಡಿದ್ದೆ. ಅವ್ವ ಪಕ್ಕದ ಮನೆಗೆ ಹೋದಾಗ ಅತ್ತಿಗೆಯ ಹತ್ತಿರ ಕೂತು, ಆ ಆರು ಅಂಗಿ ಕೊಡು, ಇವಳಿಗೆ ಹಾಕುತ್ತೇನೆ ಎಂದೆ. ಅವಳು ಮಗಳ ತೋಳನ್ನು ಹಿಡಿದು ನೋಡಿದಳು.

“ಅವು ತಿಂಗಳ ಕೂಸಿನ ಅಂಗಿ. ಈಗ ಆಕಿ ತೋಳಿಗೂ ಏರಂಗಿಲ್ಲ,” ಎಂದಳು.

ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲೇ ಇಲ್ಲ. ಏರದಿದ್ದರೂ ಕೊಡು, ಇಟ್ಟುಕೊಳ್ಳುತ್ತೇನೆ ಎಂದು ಹಟ ಮಾಡಿದೆ. ಮನೆಯಲ್ಲಿಲ್ಲ ಎಂದಳು. ನನ್ನ ಬಾಣಂತನ ಮುಗಿದ ವಾರವೇ ಒಬ್ಬಳೇ ಬಸ್ಸು ಹತ್ತಿ ಅದೇ ಆಸ್ಪತ್ರೆಗೆ ಹೋಗಿ, ಏನೂ ತರದೆ ಬಂದವರಿಗೆ ಹಾಕಿ ಎಂದು ಸಿಸ್ಟರ ಕೈಗೆ ಕೊಟ್ಟು ಬಂದಿದ್ದಳಂತೆ. ಗುಡೇಕೋಟೆ ಕಡೆಯ ಒಬ್ಬ ಬಾಣಂತಿ ಅವಳ ಮುಂದೆಯೇ ತನ್ನ ಕೂಸಿಗೆ ಒಂದನ್ನು ತೊಡಿಸಿದಳಂತೆ.

“ಚೊಲೋ ಕಾಣತಿತ್ತು,” ಎಂದಳು. “ಕೊರಳು ಒಂದೀಟು ಸಡ್ಲ ಆಗಿತ್ತು.”

ನಾನು ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. “ಅವತ್ತು ನಾ ಹಂಗ ಅನಬಾರದಿತ್ತು, ಅತ್ತಿಗಿ,” ಎಂದಷ್ಟೇ ಹೇಳಿದೆ.

ಅವಳು ಕೈಯಲ್ಲಿದ್ದ ರವಿಕೆಯ ಕಾಜಾ ಮುಗಿಸಿ ದಾರ ಕಡಿದಳು.

“ನಿನಗ ಅಂಜಿಕಿ ಇತ್ತು. ನನಗೂ ಇತ್ತು. ಅಂಜಿಕೊಂತನ ತಂದಿದ್ದೆ.”

ಅವಳಿಗೂ ಭಯವಿದ್ದಿರಬಹುದು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಇರಲಿ ಬಿಡು ಎಂದು ಅವಳು ಅನ್ನಲಿಲ್ಲ, ನಾನೂ ಆ ಮಾತನ್ನು ಕಾಯುತ್ತ ಕೂರಲಿಲ್ಲ. ಮಗಳನ್ನು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಮೊದಲು ಬಾಗಿಲ ಕಡೆ ನೋಡಿದಳು, ಅವ್ವ ಬಂದಳೇನೋ ಎಂದು. ಆಮೇಲೆ ಸೂಜಿಯನ್ನು ದೂರವಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು.